ಓದೋದು ನಿಂದು, ನೋಡೋದು ನಂದು

ಇಲ್ಲಲೇ ಅಮರೇಶ, ಕಣ್ಣಿಗೆ ಏನೂ ಆಗಿಲ್ಲ. ಎಷ್ಟು ಸಲ ಹೇಳಬೇಕು ನಿನಗ? ಬಂದಾಗಿಂದ ಇದು ಮೂರನೇ ಸಲ ಕೇಳಾಕತ್ತಿ. ನಾನೂ ಮೂರನೇ ಸಲ ಹೇಳಾಕತ್ತೀನಿ, ಏನೂ ಆಗಿಲ್ಲ. ವಾಚ್ ರಿಪೇರಿ ರಾಜಾಸಾಬನ ಮಗ ಖಲಂದರನ ಕಣ್ಣು ಹೆಂಗ ಇದ್ವೋ ಹಂಗ ಅದಾವು. ಈಗ ಆ ಮಾತು ಬಿಡು, ಆಟದ ಮಾತಾಡು. ಎರಡಕ್ಕ ಕರೆಂಟ್ ಬರತೈತಿ, ಐದಕ್ಕ ಹೋಗತೈತಿ. ಇರೋದ ಮೂರು ತಾಸು. ಯಾವ ಆಟ ಅಂತ ಆರಿಸೋದರಾಗ ಒಂದು ತಾಸು ಕಳದ್ರ ಆಡೋದು ಯಾವಾಗ?

ಷಟರ್ ಇನ್ನೊಂದೀಟು ಕೆಳಗ ಎಳಿ. ಭಾನುವಾರ ಅಂದ್ರೂ ಬಿಡಂಗಿಲ್ಲ ನಿನ್ನ ಗಿರಾಕಿಗಳು, ಬೀಜ ಕೊಡು ಗೊಬ್ಬರ ಕೊಡು ಅಂತ ಬಗ್ಗಿ ಒಳಗ ಬರತಾರ. ಹಾಂ, ಸಾಕು ಸಾಕು. ಏನು, ಕತ್ತಲಾತು ಅಂತಿಯಾ? ಆಗ್ಲಿ ಬಿಡು. ಪತ್ತೇದಾರಿ ಆಟಕ್ಕ ಕತ್ತಲಿದ್ರನ ಮಜಾ.

ಯಾಕ ನಗತಿ? ನಕ್ಕಿ, ಮೂಗಿನಾಗ ನಕ್ಕಿದ್ದು ಕೇಳಿಸ್ತು ನನಗ. ನಗು, ನಗು. ಮೂವತ್ತೆಂಟು ವರ್ಷದ ಇಬ್ಬರು ಗಂಡಸರು ಬೀಜದ ಅಂಗಡಿಯಾಗ ಷಟರ್ ಎಳಕೊಂಡು ಕಂಪ್ಯೂಟರ್ ಆಟ ಆಡತಾರ ಅಂತ ಗೊತ್ತಾದ್ರ ಇಡೀ ಬೊಮ್ಮನಳ್ಳಿ ನಗತೈತಿ. ನಗ್ಲಿ. ಕೆಲವರು ಇಸ್ಪೀಟು ಆಡಂಗಿಲ್ಲೇನು? ನಾವು ಕೊಲೆಗಾರನ್ನ ಹಿಡೀತೀವಿ.

ಮತ್ತ ಅದನ? ನಾಳೆ ಬಂಗಾರಪ್ಪಗ ಮಾತು ಕೊಡಬೇಕು, ಅದಕ್ಕ ಕೇಳಾಕತ್ತೀನಿ ಅಂತಿ. ಗೊತ್ತೈತಿ ಮಾರಾಯ, ನನಗೇನು ಮರತಿಲ್ಲ. ಬಸ್ ಸ್ಟ್ಯಾಂಡ್ ಎದುರಿಗೆ ಬಂಗಾರಪ್ಪನ ಮಳಿಗಿ, ಅದರಾಗ ಮೊಬೈಲ್ ರಿಪೇರಿ ಅಂಗಡಿ. ಬಂಡವಾಳ ನಿಂದು, ಕೈ ನಂದು. ಆರು ತಿಂಗಳಿಂದ ಇದನ್ನ ಮಾತಾಡಾಕತ್ತೀವಿ. ವಾಚಿನ ಕಾಲ ಮುಗೀತು. ಈಗ ಕೊಟ್ಟೂರಿನಿಂದ ಹಡಗಲಿತನಕ ಎಲ್ಲಾರೂ ಮೊಬೈಲ್‌ನಾಗ ಟೈಮ್ ನೋಡತಾರ. ಈ ಮಳಿಗಿ ಆಗಲಿಲ್ಲ ಅಂದ್ರ ನಾನು ಆ ಡಬ್ಬಿ ಅಂಗಡಿಯಾಗ ಕುಂತು ವಾಚಿನ ಬೆಲ್ಟಿಗೆ ತೂತು ಹೊಡಕೊಂತ ಇರಬೇಕಾಗತೈತಿ. ಇದು ನಿನಗಿಂತ ನನಗ ಜಾಸ್ತಿ ಗೊತ್ತೈತಿ.

ತೂತು ಅಂದ ಕೂಡಲೇ ನೆನಪಾತು. ಮೊನ್ನೆ ನಿನ್ನ ಬೀಜದ ಕಂಪನಿ ಚೀಟಿಗೆಲ್ಲ ನನ್ನ ಬೆಲ್ಟಿನ ಪಂಚ್ ತಗೊಂಡು ತೂತು ಹೊಡದು ಕೊಟ್ನಲ್ಲ, ದಾರ ಪೋಣಿಸಿ ನೇತು ಹಾಕಾಕ. ಇನ್ನೂರು ಚೀಟಿ. ಎಡಗಡಿ ಮೂಲಿಗೆ, ಎಲ್ಲಾ ಒಂದ ಅಳತಿಗೆ, ಸಣ್ಣ ಗುಂಡನ ತೂತು. ಒಂದಾದ್ರೂ ಸೊಟ್ಟ ಆಗೈತೇನು? ಹೇಳು. ಕಣ್ಣು ಕಾಣದಾಂವ ಹಂಗ ಹೊಡೀತಾನೇನು?

ಹಾಂ. ಹೊಡಿಯಂಗಿಲ್ಲ.

ನಿನಗ ಅನುಮಾನ ಬಂದ್ರ ಬಂಗ್ಲಾದ ಕೇಸು ನೆನಸಿಕೋ. ನಾವು ಆಡಿದ ಮೊದಲನೇ ಆಟ. ಮುದುಕಿ ತನ್ನ ದೊಡ್ಡ ಬಂಗ್ಲಾದಾಗ ಸತ್ತು ಬಿದ್ದಾಳ, ಮನಿಯಾಗ ಒಂಬತ್ತು ಮಂದಿ, ಒಂಬತ್ತೂ ಮಂದಿ ಇಂಗ್ಲಿಷಿನಾಗ ಸುಳ್ಳು ಹೇಳತಾರ. ನನಗ ಉರ್ದು ಶಾಲಿಯಾಗ ಕಲಿಸಿದ್ದು ಎ ಬಿ ಸಿ ಡಿ, ಅದರ ಮುಂದ ಬರಂಗಿಲ್ಲ. ನೀನು ತೊಡಿ ಮ್ಯಾಲ ಡಿಕ್ಷನರಿ ಇಟಗೊಂಡು ಒಂದೊಂದು ಮಾತು ಹುಡುಕಿ ಹೇಳತಿದ್ದಿ, ನಾನು ಮೌಸ್ ಹಿಡಕೊಂಡು ಮೂಲಿ ಮೂಲಿ ನೋಡತಿದ್ದೆ. ಅವತ್ತ ಅಲ್ಲೇನು ನೀ ಹೇಳಿದ್ದು, ಲೇ ಖಲಂದರ, ಓದೋದು ನಂದು, ನೋಡೋದು ನಿಂದು ಅಂತ? ನಾನೂ ತಿರುಗಿ ಅದನ ಹೇಳಿದೆ. ಹೂವಿನ ಕುಂಡದ ಕೆಳಗ ಕೀಲಿಕೈ ಕಂಡದ್ದು ಯಾರಿಗೆ? ಪರದೆ ಹಿಂದ ಬೂಟಿನ ತುದಿ ಕಂಡದ್ದು ಯಾರಿಗೆ? ನಿನಗಂತೂ ಅಲ್ಲ. ನೀ ಕನ್ನಡಕ ಒರಸಕೊಂತ ಕುಂತಿದ್ದಿ.

ಆಮ್ಯಾಲ ಆ ಗ್ವಾಡಿ ಗಡಿಯಾರ. ಯಪ್ಪ, ಅದು ನೆನಸಿದ್ರ ಈಗೂ ಮೈ ಝುಂ ಅಂತೈತಿ. ಎರಡು ಭಾನುವಾರ ಅದ ಹಾಲ್‌ನಾಗ ಸುತ್ತಿ ಸುತ್ತಿ ಸಾಕಾಗಿತ್ತು. ಗಡಿಯಾರ ನಾಕೂವರಿಗೆ ನಿಂತೈತಿ, ಅಂದ್ರ ಮುದುಕಿ ನಾಕೂವರಿಗೆ ಸತ್ತಾಳ, ನಾಕೂವರಿಗೆ ಎಲ್ಲಾರೂ ಹೊರಗ ತ್ವಾಟದಾಗ ಇದ್ರು ಅಂತ ನೀ ಓದಿ ಹೇಳಿದಿ. ನಾ ನೋಡಿದೆ. ದೊಡ್ಡ ಮುಳ್ಳು ಆರರ ಮ್ಯಾಲ ಐತಿ, ಸಣ್ಣ ಮುಳ್ಳು ಸೀದಾ ನಾಕರ ಮ್ಯಾಲ ಕುಂತೈತಿ. ನಾಕೂವರಿ ಅಂದ್ರ ಸಣ್ಣ ಮುಳ್ಳು ನಾಕಕ್ಕೂ ಐದಕ್ಕೂ ನಡುವ ಇರಬೇಕು. ತಾನ ನಡಿಯೋ ಗಡಿಯಾರ ಹಂಗ ತೋರಸಂಗಿಲ್ಲ. ಯಾರೋ ಕೈಲೆ ಮುಳ್ಳು ತಿರುಗಿಸ್ಯಾರ ಅಂದೆ. ನೀ ಎದ್ದು ನಿಂತು ನನ್ನ ತೆಲಿ ಹಿಡಕೊಂಡು ಅಲ್ಲಾಡಿಸಿದಿ. ಆ ಸಂಜಿ ಇಬ್ಬರೂ ಮಿರ್ಚಿ ಮಂಡಕ್ಕಿ ತಿಂದ್ವಿ, ನೀನು ನಿನ್ನ ಹೆಂಡತಿ ಮುಂದನೂ ಹೇಳಿದಿ, ಖಲಂದರಗ ಇರೋವು ಕಣ್ಣಲ್ಲ, ಎರಡು ಭೂತಗನ್ನಡಿ ಅಂತ.

ಏನು?

ಯಾರ ವಾಚು... ನಾ ರಿಪೇರಿ ಮಾಡಿ ಕೊಟ್ಟ ಬೆನಕಪ್ಪನ ವಾಚಾ?

ಮಾಗಳದ ಬೆನಕಪ್ಪ ನಿನ್ನ ಹತ್ರ ಬಂದು ತೋರಿಸ್ಯಾನೇನು? ಬೀಜ ಒಯ್ಯಾಕ ಬಂದಾಂವ ಸುಮ್ನ ಬೀಜ ಒಯ್ಯಬೇಕಪ್ಪ. ಏನಾಗೈತಿ ಅದಕ್ಕ? ನಡೀತೈತಿ ಹೌದಿಲ್ಲ? ಹಾಂ, ನಡೀತೈತಿ. ಮತ್ತೇನು? ನಾಕೂವರಿಗೆ ಸಣ್ಣ ಮುಳ್ಳು... ಸೀದಾ ನಾಕರ ಮ್ಯಾಲ.

ನೀ ಖರೇನ ನೋಡಿಯಾ?

ಇಲ್ಲ, ನಂಬಂಗಿಲ್ಲ ಅಂತಲ್ಲ. ಅವಸರದಾಗ ಕುಂದ್ರಿಸಿರತೀನಿ. ಅವತ್ತು ಬಸ್ಸಿಗೆ ಹೊತ್ತಾತು, ಲಗೂನ ಕೊಡು, ಲಗೂನ ಕೊಡು ಅಂತ ಬೆನಕಪ್ಪ ತೆಲಿ ಮ್ಯಾಲ ನಿಂತಿದ್ದ. ಅಂಥ ಹೊತ್ತಿನಾಗ ಯಾರದಾದ್ರೂ ಕೈ ತಪ್ಪತೈತಿ. ಬಂದ್ರ ಎರಡು ನಿಮಿಷದಾಗ ಸರಿ ಮಾಡಿ ಕೊಡತೀನಿ. ಅದಕ್ಕ ಇಷ್ಟು ದೊಡ್ಡ ಪಂಚಾಯಿತಿ ಯಾಕ? ಹಂಗ ನನ್ನ ನೋಡಬ್ಯಾಡ. ನೋಡಾಕತ್ತಿ, ನನಗ ಗೊತ್ತಾಗತೈತಿ.

ನೋಡು ಅಮರೇಶ. ಒಂದು ಮುಳ್ಳು ತಪ್ಪಿತು ಅಂತ ನನ್ನ ಮಳಿಗಿಯಿಂದ ಹೊರಗ ಹಾಕತಿಯಾ? ಹಂಗಂತ ನೀ ಹೇಳಿಲ್ಲ, ಸರಿ. ಹೇಳಿಲ್ಲ. ಆದ್ರ ಮನಸಿನಾಗ ಐತಿ. ಮೊಬೈಲ್ ಒಳಗ ವಾಚಿಗಿಂತ ಸಣ್ಣ ಕೆಲಸ ಇರತೈತಿ, ಕೂದಲಿನಂಥಾ ತಂತಿಗೆ ಬೆಸುಗಿ ಹಾಕಬೇಕು ಅಂತ ಹೊಸಪ್ಯಾಟ್ಯಾಗ ಯಾರೋ ನಿನಗ ಹೇಳ್ಯಾರ. ಹೇಳ್ಲಿ. ಇಪ್ಪತ್ತು ವರ್ಷ ಅದ ಕೆಲಸ ಮಾಡೀನಿ ನಾನು.

ಬಿಡು. ತಗಿ ಸಿ.ಡಿ. ಆರಿಸೋಣು. ನೀ ನಂಬಲಿಲ್ಲ ಅಂದ್ರ ಆಟದಾಗ ತೋರಸತೀನಿ. ಮೂರೂ ತಂದೀಯಲ್ಲ ನಿನ್ನೆ ಹೊಸಪ್ಯಾಟಿಯಿಂದ, ಹಡಗಿನ ಆಟ, ಬೆಟ್ಟದ ಹೋಟೆಲಿನ ಆಟ, ಸರ್ಕಸ್ಸಿನ ಆಟ. ಇಡು ಮೇಜಿನ ಮ್ಯಾಲ. ಇಲ್ಲ, ನನ್ನ ಕೈಯಾಗ ಕೊಡು. ಕೈಯಾಗ ಹಿಡಕೊಂಡು ನೋಡಿದ್ರ ಮನಸಿಗೆ ಬರತೈತಿ.

ಇದು... ಇದರ ಮೂಲಿ ಮುರದೈತಿ. ಇದು ಸರ್ಕಸ್ಸಿನ ಆಟ, ಹೌದಿಲ್ಲ? ಹೌದನು. ಮ್ಯಾಲ ಡೇರೆ ಬರದಾರ ನೋಡು, ಹಳದಿ ಡೇರೆ. ಅದರ ಮುಂದ ಬಫೂನ ನಿಂತಾನ. ಇದು ನನಗ ಬ್ಯಾಡ ಅನಸತೈತಿ. ಬಫೂನನ ಕೊಲೆಗಾರ ಅಂತ ಪೆಟ್ಟಿಗಿ ಮ್ಯಾಲನ ಹೇಳಿದಂಗ ಐತಿ, ಇನ್ನ ಹುಡುಕೋದು ಏನು? ಏನಂತಿ?

ಏನರ ಅನ್ನಲೇ. ಸರಿ, ಇದು ಬ್ಯಾಡ. ಕೆಳಗ ಇಡತೀನಿ.

ಎರಡನೇದು ಕೊಡು. ಇದು ತೆಳ್ಳನ ಪೆಟ್ಟಿಗಿ. ಹೋಟೆಲಿನ ಆಟ. ಬೆಟ್ಟದ ಮ್ಯಾಲ ಹೋಟೆಲು, ಸುತ್ತ ಬರ್ಫು, ಮ್ಯಾಲಿನ ಮಾಳಿಗಿಯಾಗ ಒಂದ ಕಿಟಕಿಗೆ ದೀಪ ಹತ್ತೈತಿ. ಇದಕ್ಕೂ ಹಳದಿನ. ದೀಪ ಅಂದ ಮ್ಯಾಲ ಹಳದಿ ಇರಬೇಕಲ್ಲ. ಆದ್ರ ಬಾಳ ದೊಡ್ಡದಾಗಿ ಬರದಾರ ದೀಪಾನ. ಇದು ಚಲೋ ಇರತೈತಿ ಅಂತ ನೀ ಹೇಳಿದಿ, ಆದ್ರ ಇದರಾಗ ಪತ್ರ ಜಾಸ್ತಿ ಅಂತನೂ ನೀನ ಹೇಳಿದಿ, ಓದೋದ ಓದೋದು. ಎಲ್ಲಾ ಪತ್ರದಾಗ ಇದ್ರ ನನಗೇನು ಕೆಲಸ? ನಾನು ನಿನ್ನ ಪಕ್ಕಕ್ಕ ಕುಂತು ಗಾಳಿ ಬೀಸಬೇಕೇನು?

ಖರೇ ಹೇಳಬೇಕಂದ್ರ... ಇಲ್ಲ, ಏನಿಲ್ಲ. ಪತ್ರದ ಆಟನೂ ನಡೀತೈತಿ. ನೀ ಎಲ್ಲಾ ಓದಿ ಹೇಳಿದ್ರ ನಾ ಕೇಳತೀನಿ. ಕೇಳಿ ಕೇಳಿ ಯಾರು ಸುಳ್ಳು ಹೇಳಾಕತ್ತಾರ ಅಂತ ಹಿಡೀಬಹುದು. ಅದೂ ಒಂದು ಮಜಾನ. ಹಂಗಾದ್ರ ಮೌಸ್ ನೀ ಹಿಡಕೋ ಅಂದ್ರನೂ ನಾ ಬ್ಯಾಡ ಅನ್ನಂಗಿಲ್ಲ. ಯಾವಾಗಲೂ ನಾನ ಹಿಡಕೊಂಡ್ರ ನಿನಗೂ ಬ್ಯಾಸರ ಆಗತೈತಿ.

ಕುರ್ಚಿ ಯಾಕ ಹಿಂದ ಸರಿಸಿದಿ? ನಾ ಮೌಸ್ ಬಿಟ್ಟುಕೊಡತೀನಿ ಅಂದಿದ್ದಕ್ಕನಾ? ಹೋದ ಭಾನುವಾರದ ಆಟದಾಗ ಸುಳಿವು ನಿನಗ ಮೊದಲು ಸಿಕ್ತಲ್ಲ, ಅದಕ್ಕ ಹಂಗಂದೆ ಅಷ್ಟ. ಆ ಮಾನಿಟರ್ ಮಬ್ಬಾಗೈತಿ, ಅದಕ್ಕ ನನಗ ಕಾಣಲಿಲ್ಲ. ಬದಲಿ ಮಾನಿಟರ್ ತಗೋ ಅಂತ ಆವಾಗಲೇ ಹೇಳೀನಿ ನಿನಗ.

ಕೊಡು, ಹಡಗಿಂದು ಕೊಡು. ನನ್ನ ಮನಸಿನಾಗ ಇದ ಐತಿ ಮೊದಲಿಂದ. ಹಡಗು ಅಂದ್ರ ಹಂಗ, ಕೊಲೆ ಮಾಡಿದಾಂವ ಓಡಿ ಹೋಗಾಕ ಆಗಂಗಿಲ್ಲ, ಹಿಡಿಯಾಕ ಬಂದಾಂವನೂ ಇಳಿಯಾಕ ಆಗಂಗಿಲ್ಲ. ಎಲ್ಲಾರೂ ಒಂದ ಕಡಿ. ಚಿತ್ರ ನೋಡು ಎಷ್ಟು ಚಂದ ಐತಿ. ಕರಿ ನೀರು, ದೊಡ್ಡ ಹಡಗು, ಅದರ ತುದಿಗೆ ಹೆಣಮಗಳೊಬ್ಬಾಕಿ ಬೆನ್ನು ತಿರುಗಿಸಿ ನಿಂತಾಳ. ನೀರಿನ ಮ್ಯಾಲ ಹಡಗಿನ ದೀಪದ ಬೆಳಕು ಬಿದ್ದೈತಿ, ಹಳದಿ... ಇದೂ ಹಳದಿ. ಈ ಆಟ ಮಾಡೋ ಮಂದಿಗೆ ಬ್ಯಾರೆ ಬಣ್ಣನ ಸಿಗಲಿಲ್ಲೇನು?

ಭುಜ ಕುಣಸಾಕತ್ತಿ. ನಗಾಕತ್ತೀ ಏನಲೇ? ನಗು, ಬಾಯಿ ಮುಚಗೊಂಡು ಯಾಕ ನಗತಿ, ಜೋರಾಗಿ ನಗು. ನಾ ಹೇಳಿದ್ದು ತಪ್ಪಾದ್ರ ತಪ್ಪು ಅನ್ನು. ಆ ಹೆಣಮಗಳ ಕೈಯಾಗ ಒಂದು ಕೊಡಿ ಐತಿ, ಅದನ್ನ ಹೇಳೋದು ಮರತೆ. ಮುಚ್ಚಿದ ಕೊಡಿ. ಮಳಿ ಇಲ್ಲದಾಗ ಕೊಡಿ ಯಾಕ ಹಿಡದಾಳ ಅಂತ ನೀನ ನಿನ್ನೆ...

ನೀನ ನಿನ್ನೆ ಕೇಳಿದಿ. ನಾನೂ ನೋಡಿದೆ. ಇಬ್ಬರೂ ನೋಡಿದ್ವಿ.

ಸಾಕು ಬಿಡು ನಗೋದು. ಇದನ ಆಡೋಣು, ಆತಿಲ್ಲೋ? ಸಿ.ಡಿ. ತಗೀತೀನಿ. ಕರೆಂಟ್ ಬರೋದರಾಗ ತಗದು ಇಟ್ಟಿರೋಣು. ಪೆಟ್ಟಿಗಿಯ ಈ ಚಿತ್ರದ ಕಾಗದ ಅಡ್ಡ ಬರತೈತಿ. ಹೊಸಪ್ಯಾಟ್ಯಾಗ ಇಷ್ಟು ದಪ್ಪನ ಕಾಗದ ಹಾಕತಾರೇನು ಈಗ? ಬಂಗ್ಲಾದ ಕೇಸಿಗೆ ತೆಳ್ಳನ ಜೆರಾಕ್ಸ್ ಹಾಕಿದ್ರು, ಕೈ ಹಚ್ಚಿದ್ರ ಹರೀತಿತ್ತು. ಇದು ನುಣ್ಣಗ, ಗಟ್ಟಿ...

ಮಡಚ್ಯಾರ ಇದನ್ನ.

ಮೂಲಿಗೆ ತೂತು ಐತಿ.

ಸಣ್ಣ ಗುಂಡನ ತೂತು. ಎಡಗಡಿ ಮೂಲಿ. ಅಂಚಿನಿಂದ ಅರ್ಧ ಹೆಬ್ಬಟ್ಟು.

ಅಮರೇಶ. ಇದು ನಾ ಹೊಡದ ತೂತು.

ಇದು ಹಡಗಲ್ಲ. ಇದು ನಿನ್ನ ಸೂರ್ಯಕಾಂತಿ ಬೀಜದ ಚೀಟಿ. ಆ ಹಳದಿ ಸೂರ್ಯಕಾಂತಿ ಹೂವು. ಮೂರರಾಗೂ ಚಿತ್ರ ತಗದು ಇದನ ಹಾಕೀ ಏನು? ಇರು, ಇದನ್ನೂ ನೋಡತೀನಿ. ಇದರಾಗೂ ತೂತು. ಇದರಾಗೂ. ಡೇರೆ, ಕಿಟಕಿ, ಹಡಗಿನ ದೀಪ, ಎಲ್ಲಾ ಒಂದ ಹೂವು. ನಾ ಬಫೂನ ನಿಂತಾನ ಅಂದಾಗನ ನಿನಗ ಗೊತ್ತಾಗಿತ್ತು. ಆದ್ರೂ ನೀ ಇನ್ನೂ ಎರಡು ಕೊಟ್ಟಿ. ನಾ ಎಲ್ಲರ ಒಂದು ಕಡಿ ಇದು ಹೂವು ಅಂತೀನೋ ಏನೋ ಅಂತ ಕಾಯಕೊಂತ ಕುಂತಿ.

ಮಾತಾಡು.

ನೀ ನಗಾಕತ್ತಿ ಅನಕೊಂಡಿದ್ದೆ ನಾನು. ನಗಾಕತ್ತಿದ್ದಿಲ್ಲ ನೀನು.

ಆತು. ನೀ ಹೇಳದಿದ್ರ ನಾನ ಹೇಳತೀನಿ. ಯುಗಾದಿ ಆದ ಮ್ಯಾಲ ಶುರುವಾತು. ಮೊದಲು ಒಂದು ಸಣ್ಣ ಮಸಿ ಬಂತು, ನಟ್ಟನಡುವ. ನಾನು ಭೂತಗನ್ನಡಿಗೆ ಹತ್ತೈತಿ ಅನಕೊಂಡು ಒರಸಿದೆ. ದಿನಾ ಒರಸತಿದ್ದೆ. ಆಮ್ಯಾಲ ಗೊತ್ತಾತು ಅದು ಗ್ಲಾಸಿಂದಲ್ಲ ಅಂತ. ಹೊಸಪ್ಯಾಟಿಗೆ ವಾಚಿನ ಸಾಮಾನು ತರಾಕ ಹೋಗತೀನಿ ಅಂತ ಎರಡು ಸಲ ಹೋದ್ನಲ್ಲ, ಸಾಮಾನಿಗೆ ಹೋಗಿದ್ದಿಲ್ಲ. ಕಣ್ಣಿನ ಡಾಕ್ಟರ ಹತ್ರ ಹೋಗಿದ್ದೆ. ಸಕ್ರಿ ಕಾಯಿಲೆ ಕಣ್ಣಿಗೆ ಇಳದೈತಿ ಅಂದ್ರು. ಹೋದದ್ದು ತಿರುಗಿ ಬರಂಗಿಲ್ಲ, ಉಳದದ್ದನ್ನ ಉಳಿಸಿಕೊಳ್ರಿ ಅಂದ್ರು. ನನ್ನ ಮಾರಿ ನೋಡ್ರಿ ಅಂದ್ರು. ನಾ ನೋಡಿದೆ, ಎರಡು ಕಿವಿ ಕಂಡ್ವು, ನಡುವ ಏನೂ ಇದ್ದಿಲ್ಲ.

ಬದಿಗೆ ಇದ್ದದ್ದು ಕಾಣತೈತಿ. ಅದಕ್ಕ ರಸ್ತಾದಾಗ ನಡೀತೀನಿ, ಚಾ ಕಪ್ಪು ಹಿಡೀತೀನಿ, ಯಾರಿಗೂ ಗೊತ್ತಾಗಂಗಿಲ್ಲ. ಮನಿಯಾಗ ಹೆಂಡತಿ ಖುಷ್ನುಮಾಗೂ ಗೊತ್ತಿಲ್ಲ. ಅನ್ನದಾಗ ಕಲ್ಲು ಹಳ್ಳು ಬಂದ್ರ ಸುಮ್ನ ನುಂಗತೀನಿ, ಕಾಣಲಿಲ್ಲೇನು ಅಂತ ಕೇಳ್ಯಾಳು ಅಂತ. ಚೀಟಿಗೆ ತೂತು ಹೊಡದದ್ದು ಹೆಬ್ಬಟ್ಟಿನ ಅಳತಿಯಿಂದ. ಬೆನಕಪ್ಪನ ವಾಚು ಕೈ ಅಂದಾಜಿಲೆ ಮಾಡಿದೆ. ಮುಳ್ಳು ಕುಂದ್ರಿಸೋದು ಮಾತ್ರ ಕೈಗೆ ಗೊತ್ತಾಗಂಗಿಲ್ಲಲೇ, ಅದಕ್ಕ ಕಣ್ಣ ಬೇಕು. ನಿನ್ನೆ ಬಸ್ಸಿನಿಂದ ಇಳದು ನೀ ಮೂರೂ ಚಿತ್ರ ಹೇಳಿದಿ, ನಾ ಹೂಂ ಹೂಂ ಅನಕೊಂತ ಬಾಯಿಪಾಠ ಮಾಡಿದೆ. ಯಾವ ಪೆಟ್ಟಿಗಿ ಮೂಲಿ ಮುರದೈತಿ, ಯಾವುದು ತೆಳ್ಳಗೈತಿ ಅಂತ ಬೆರಳಿನಾಗ ನೆನಪಿಟ್ಟೆ. ಮನಿಗೆ ಹೋಗಿ ಗ್ವಾಡಿ ಕಡಿ ಮಾರಿ ಮಾಡಿ ಹೇಳಿ ಹೇಳಿ ನೋಡಿದೆ, ಕೊಡಿ ಹಿಡದ ಹೆಣಮಗಳನ್ನ ಮರೀಬಾರದು ಅಂತ.

ನಿನಗ ಮೋಸ ಮಾಡಬೇಕು ಅಂತಲ್ಲಲೇ. ಮಳಿಗಿ ಹೋಗತೈತಿ ಅಂತ ಅಂಜಿಕಿ ಇತ್ತು, ಇಲ್ಲ ಅನ್ನಂಗಿಲ್ಲ. ಮಗಳು ಮುಬೀನಾ ಈಗ ಹೈಸ್ಕೂಲಿಗೆ ಬಂದಾಳ. ಆದ್ರ ಅದಕ್ಕಿಂತ ಜಾಸ್ತಿ... ಹೆಂಗ ಹೇಳ್ಲಿ. ಓದೋದು ನಿಂದು, ನೋಡೋದು ನಂದು. ನೋಡೋದು ಹೋದ್ರ ನನಗ ನಿನ್ನ ಹತ್ರ ಏನು ಕೆಲಸ? ಭಾನುವಾರ ಮಧ್ಯಾಹ್ನ ಉಂಡು, ಅಮರೇಶನ ಅಂಗಡಿಗೆ ಹೋಗತೀನಿ ಅಂತ ಯಾವ ನೆವ ಹೇಳಿ ಬರ್ಲಿ? ಸಣ್ಣಾವರಿದ್ದಾಗಿಂದ ಜೊತಿಗೆ ಇರೋ ಮನಷ್ಯಾ ನೀನು. ನಿನ್ನ ಮಾರಿ ನನಗ ಈಗ ನೆನಪಿನಾಗ ಅಷ್ಟ ಐತಿ. ಈ ಮೂರು ತಿಂಗಳದಾಗ ನೀ ಬಡಕ ಆಗಿಯೋ ದಪ್ಪ ಆಗಿಯೋ, ಮೀಸಿ ತಗದಿಯೋ ಬಿಟ್ಟಿಯೋ, ಒಂದೂ ಗೊತ್ತಿಲ್ಲ ನನಗ.

ನಾಳೆ ಬಂಗಾರಪ್ಪಗ ಏನು ಹೇಳತಿ?

ಹೇಳಬ್ಯಾಡ, ನನಗ ಗೊತ್ತೈತಿ. ನಿನ್ನ ಜಾಗದಾಗ ನಾನಿದ್ರೂ ಅದನ ಹೇಳತಿದ್ದೆ. ಮಂದಿ ಸಾಮಾನು ಕೆಡಸಾಕ ಮಳಿಗಿ ಯಾಕ ಹಿಡೀಬೇಕು? ನನಗೇನು ಸಿಟ್ಟಿಲ್ಲ. ಸಿಟ್ಟು ಮಾಡಿಕೊಂಡ್ರ ಯಾರ ಮ್ಯಾಲ ಮಾಡಿಕೊಳ್ಳಿ? ಆದ್ರ ಮುಂದ ಏನು ಮಾಡಬೇಕು ಅಂತ ಒಂದೀಟೂ ತಿಳಿವಲ್ದು. ಇಷ್ಟು ದಿನ ಮುಚ್ಚಿಡೋದ ಒಂದು ಕೆಲಸ ಆಗಿತ್ತು, ಈಗ ಅದೂ ಇಲ್ಲ.

ಕುರ್ಚಿ ಸಪ್ಪಳಾತು. ಎದ್ದೀ ಏನು?

ಕರೆಂಟ್ ಬಂತು ನೋಡು. ಫ್ಯಾನ್ ತಿರಗಾಕತ್ತೈತಿ. ಕಂಪ್ಯೂಟರ್ ಹಚ್ಚಿಯಾ? ಪೀಂ ಅಂತು, ಹಚ್ಚಿದಿ ಅನಸತೈತಿ. ಇಲ್ಲಾ ಅದು ತಾನ ಹತ್ತಿತೋ? ಕರೆಂಟ್ ಬಂದ ಕೂಡಲೇ ಕೆಲವು ಸಲ ತಾನ ಹತ್ತತೈತಿ ಆ ಹಾಳಾದ್ದು. ನೀ ಎಲ್ಲಿ ನಿಂತಿ? ಷಟರ್ ಕೆಳಗ ಎಳಿ ಅಂತ ನಾನ ಹೇಳಿದೆ, ಈಗ ಈ ಕತ್ತಲಾಗ ನಿನ್ನ ಅಂಗಿನೂ ಕಾಣವಲ್ದು.

ಹೋದಿ ಅಂದ್ರ ಷಟರ್ ಸಪ್ಪಳ ಬರತಿತ್ತು. ಬಂದಿಲ್ಲ. ಅಂದ್ರ ಇಲ್ಲೇ ಅದಿ.

ಯಾವ ಆಟನಾದ್ರೂ ಹಾಕು. ಪತ್ರ ಓದೋದ ಹಾಕು, ಹೋಟೆಲಿಂದು. ಎಲ್ಲಾ ನೀನ ಓದು, ಎಲ್ಲಾ ನೀನ ನೋಡು. ನಾ ಸುಮ್ನ ಪಕ್ಕಕ್ಕ ಕುಂದ್ರತೀನಿ. ಮಾತಾಡಾಕ ಆಗವಲ್ದು ಅಂದ್ರ ಮಾತಾಡಬ್ಯಾಡ, ನನಗ ತಿಳೀತೈತಿ. ಆ ಮೌಸ್ ಒಂದು ಸಲ ಒತ್ತು. ಟಕ್ ಅಂದ್ರ ಸಾಕು, ನೀ ಅಲ್ಲೇ ಕುಂತಿ ಅಂತ ತಿಳಕೋತೀನಿ.

ಒತ್ತು, ಅಮರೇಶ.

ಒಂದು ಸಲ ಒತ್ತಲೇ.